ಭಾನುವಾರ ಓಟ, ಮಂಗಳವಾರ ರಕ್ತಪರೀಕ್ಷೆ

(ಬೆಂಗಳೂರಿನ ಓಟಗಾರರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಬೋರ್ಡ್ ಮೇಲಿರುವ ರಿಪೋರ್ಟ್ ಹಿಂದಿನವರಿಗೂ ಕಾಣುತ್ತಿದೆ ಅಲ್ವಾ? ಇದು ಯಾರದ್ದೋ ನಿಜವಾದ ರಿಪೋರ್ಟ್ ಅಲ್ಲ. ಇವತ್ತಿನ ಮಾತಿಗಾಗಿ ನಾನೇ ಬರೆದದ್ದು. ಆದರೆ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಮುಗಿದ ವಾರ ಇಂಥವು ಬರುತ್ತವೆ.

42 ವರ್ಷದ ಗಂಡಸು. ಎಸ್‌ಜಿಒಟಿ 118. ಎಸ್‌ಜಿಪಿಟಿ 61. ಜಿಜಿಟಿ 19. ಬಿಲಿರುಬಿನ್ 0.9. ಕ್ರಿಯಾಟಿನಿನ್ 1.3. ಸಿಆರ್‌ಪಿ 14. ಹಿಮೋಗ್ಲೋಬಿನ್ 13.1. ಫೆರಿಟಿನ್ 48. ಕೆಲವು ಸಂಖ್ಯೆಗಳು ದಪ್ಪ ಅಕ್ಷರದಲ್ಲಿವೆ, ಪಕ್ಕದಲ್ಲಿ ‘ಹೈ’ ಅಂತ ಇದೆ.

ಈ ಮನುಷ್ಯ ಭಾನುವಾರ 42.195 ಕಿಲೋಮೀಟರ್ ಓಡಿದ್ದಾನೆ. ಹೇಗೂ ಎರಡು ದಿನ ರಜಾ ಹಾಕಿದೆ, ಕಂಪನಿ ಕೊಟ್ಟ ಹೆಲ್ತ್ ಚೆಕಪ್ ಕೂಪನ್ ಒಂದು ಬಾಕಿ ಇದೆ, ಮುಗಿಸಿಬಿಡೋಣ ಅಂತ ಮಂಗಳವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟಿದ್ದಾನೆ. ಭಾನುವಾರ ಓಡಿದೆ ಅಂತ ಯಾರಿಗೂ ಹೇಳಿಲ್ಲ. ಯಾರೂ ಕೇಳಿಯೂ ಇಲ್ಲ. ಊಟ ಮಾಡಿ ಎಷ್ಟು ಹೊತ್ತಾಯಿತು ಅಂತ ಮಾತ್ರ ಕೇಳಿದ್ದಾರೆ.

ಈಗ ಈ ಹಾಳೆ ಡಾಕ್ಟರ ಕೈಗೆ ಹೋಗುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಬರುವುದು ‘ಲಿವರ್ ಫಂಕ್ಷನ್ ಟೆಸ್ಟ್’ ಎಂಬ ತಲೆಬರಹದ ಕೆಳಗೆ. ಮೇಲಾಗಿ ಇಲ್ಲಿ ಎಸ್‌ಜಿಒಟಿ ಹತ್ತಿರ ಹತ್ತಿರ ಎರಡು ಪಟ್ಟು. ಹೆಚ್ಚು ಕುಡಿಯುವವರ ಲಿವರ್ ಕೆಟ್ಟಾಗ ಕಾಣುವ ಲೆಕ್ಕವೂ ಇದೇ. ಹಾಗಾಗಿ ಡಾಕ್ಟರು ‘ಡ್ರಿಂಕ್ಸ್ ತಗೋತೀರಾ?’ ಅಂತ ಕೇಳಿದರೆ ಅವರ ತಪ್ಪಲ್ಲ. ಇವನು ಬಿಯರ್ ಕೂಡ ಮುಟ್ಟದವನು. ಪಕ್ಕದಲ್ಲಿ ಕೂತ ಹೆಂಡತಿ ಒಂದು ಸಲ ತಿರುಗಿ ನೋಡುತ್ತಾರೆ. (ನಗು)

ಹಾಗಾದರೆ ಆಗಿದ್ದೇನು? ಎಸ್‌ಜಿಒಟಿ ಲಿವರ್‌ನಲ್ಲಷ್ಟೇ ಇರುವ ವಸ್ತುವಲ್ಲ. ನಮ್ಮ ಸ್ನಾಯುಗಳಲ್ಲಿ, ಹೃದಯದಲ್ಲಿ, ಕೆಂಪು ರಕ್ತಕಣಗಳಲ್ಲೂ ಇದೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದ್ದು, ಆದರೆ ಸ್ನಾಯುವಿನಲ್ಲೂ ಸ್ವಲ್ಪ ಇದೆ. ಮ್ಯಾರಥಾನ್ ಅಂದರೆ ಸುಮಾರು 40 ಸಾವಿರ ಹೆಜ್ಜೆ. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗ ತೊಡೆಯ ಸ್ನಾಯು ಎಳೆತಕ್ಕೆ ಸಿಕ್ಕಿಕೊಂಡೇ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಹೀಗೆ ಸಾವಿರಾರು ಸಲ ಆದಾಗ ಸ್ನಾಯುಕೋಶದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಳಗಿದ್ದದ್ದು ರಕ್ತಕ್ಕೆ ಸೋರುತ್ತದೆ. ಸೋಮವಾರ ಮೆಟ್ಟಿಲು ಇಳಿಯುವಾಗ ಅಯ್ಯೋ ಅನಿಸುತ್ತದಲ್ಲ, ಆ ನೋವು ಮತ್ತು ಈ ಎಸ್‌ಜಿಒಟಿ ಎರಡರ ಹಿಂದೆಯೂ ಇರುವುದು ಅದೇ ಸ್ನಾಯು.

ಇದು ಲಿವರೋ ಸ್ನಾಯುವೋ ಎಂದು ತಿಳಿಯಲು ಇದೇ ಹಾಳೆಯಲ್ಲಿ ಒಂದು ಸುಳಿವಿದೆ. ಜಿಜಿಟಿ ನೋಡಿ, 19. ಏನೂ ಏರಿಲ್ಲ. ಇದೂ ಲಿವರ್ ಪರೀಕ್ಷೆಯದ್ದೇ, ಆದರೆ ಸ್ನಾಯುವಿನಿಂದ ಬರುವುದಿಲ್ಲ. ಕುಡಿತದಿಂದ ಲಿವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಇದು ಮೇಲೆ ಹೋಗಿರುತ್ತಿತ್ತು. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಕೂಡ ಸರಿಯಾಗಿದೆ. ಇನ್ನೂ ಅನುಮಾನ ಇದ್ದರೆ ಸಿಪಿಕೆ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರೆ ಸಾಕು. ಅದು ಬಹುಪಾಲು ಸ್ನಾಯುವಿನದ್ದೇ. ಸುಮ್ಮನೆ ಕೂತವರಲ್ಲಿ ಸಾಮಾನ್ಯವಾಗಿ 200ರೊಳಗೆ ಇರುವ ಸಿಪಿಕೆ ಮ್ಯಾರಥಾನ್ ಆದ ಮರುದಿನ ಸಾವಿರ, ಎರಡು ಸಾವಿರ ದಾಟುವುದು ಮಾಮೂಲು. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್‌ನಂಥ ಸುಮಾರು 90 ಕಿಲೋಮೀಟರಿನ ಓಟದಲ್ಲಿ ಇದು ಹತ್ತಾರು ಸಾವಿರಕ್ಕೂ ಹೋಗಬಹುದು.

ಇದು ಓಟಕ್ಕೆ ಮಾತ್ರ ಅಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಎತ್ತುವ ಅಭ್ಯಾಸ ಇಲ್ಲದ 15 ಆರೋಗ್ಯವಂತ ಗಂಡಸರಿಂದ ಒಂದು ಗಂಟೆ ವೇಟ್ ಟ್ರೇನಿಂಗ್ ಮಾಡಿಸಿದರು. ಎಸ್‌ಜಿಒಟಿ, ಎಸ್‌ಜಿಪಿಟಿ, ಸಿಪಿಕೆ ಕನಿಷ್ಠ ಏಳು ದಿನ ಮೇಲೆಯೇ ಉಳಿದವು. ಒಂದು ಗಂಟೆ ಜಿಮ್‌ಗೆ ಒಂದು ವಾರ! ಜಿಜಿಟಿ, ಬಿಲಿರುಬಿನ್ ಮಾತ್ರ ಅಲ್ಲಾಡಲಿಲ್ಲ. ಹೊಸದಾಗಿ ಜಿಮ್ ಸೇರಿ ಮೂರನೇ ದಿನಕ್ಕೆ ಇನ್ಶೂರೆನ್ಸ್ ಮೆಡಿಕಲ್‌ಗೆ ಹೋಗುವವರು ಇದನ್ನು ನೆನಪಿಡಬೇಕು.

ನನ್ನ ಇಡೀ ಮಾತಿನ ತಿರುಳು ಇಷ್ಟೇ. ಓಟಗಾರನ ರಿಪೋರ್ಟಿನಲ್ಲಿ ಒಂದು ಸಾಲು ಅಚ್ಚಾಗಿರುವುದೇ ಇಲ್ಲ: ಕೊನೆಯ ದೊಡ್ಡ ಓಟ ಯಾವತ್ತು? ಆ ಸಾಲು ಇಲ್ಲದೆ ಉಳಿದವನ್ನು ಓದಲು ಆಗುವುದಿಲ್ಲ.

ಯಾಕೆ ಅಂದರೆ ಒಂದೊಂದು ಸಂಖ್ಯೆ ಏರಿ ಇಳಿಯಲು ತೆಗೆದುಕೊಳ್ಳುವ ಸಮಯ ಬೇರೆ ಬೇರೆ. ಬಿಳಿ ರಕ್ತಕಣಗಳನ್ನೇ ನೋಡಿ. ಓಟ ಮುಗಿದ ಕೂಡಲೇ ರಕ್ತ ತೆಗೆದರೆ 15 ಸಾವಿರ, 20 ಸಾವಿರ ಬರಬಹುದು. ದೊಡ್ಡ ಸೋಂಕು ಇರುವವರ ಹಾಗೆ. ಮರುದಿನಕ್ಕೆ ಬಹುಮಟ್ಟಿಗೆ ಇಳಿದಿರುತ್ತದೆ. ಇದು ಹೊಸ ವಿಷಯವೇನಲ್ಲ. ಲ್ಯಾರಬಿ ಎಂಬ ಅಮೆರಿಕದ ವೈದ್ಯ 1902ರಲ್ಲೇ ಬೋಸ್ಟನ್ ಮ್ಯಾರಥಾನ್ ಓಡಿದವರ ರಕ್ತ ನೋಡಿ ಇದನ್ನು ಬರೆದಿಟ್ಟಿದ್ದಾರೆ. ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದಾಗ ಏರುವ ಪ್ರೋಟೀನ್) ಮರುದಿನ ತುದಿ ಮುಟ್ಟಿ, ಇಳಿಯಲು ಕೆಲವು ದಿನ ತೆಗೆದುಕೊಳ್ಳುತ್ತದೆ. ಹೃದಯದ ಅಪಾಯ ಅಳೆಯಲು ಅಂತ ಪ್ಯಾಕೇಜಿನಲ್ಲಿ ಸೇರಿಸುವ ಹೈ ಸೆನ್ಸಿಟಿವ್ ಸಿಆರ್‌ಪಿ ಆ ವಾರದಲ್ಲಿ ದುಡ್ಡು ದಂಡ. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಇದಕ್ಕೆ ಉಲ್ಟಾ. ಓಟದ ಮರುದಿನ ಇಳಿದು ಕಾಣುತ್ತದೆ. ನೋಡಿ ಖುಷಿ ಪಡಬಹುದು, ಆದರೆ ಅದು ಆ ದಿನದ ಮಟ್ಟಿಗೆ.

ಕ್ರಿಯಾಟಿನಿನ್ ಹತ್ತಿರ ಸ್ವಲ್ಪ ನಿಲ್ಲೋಣ. ಇದು ಕಿಡ್ನಿ ಸೋಸಿ ಹೊರಹಾಕುವ ಕಸ, ಕಿಡ್ನಿಯ ಕೆಲಸ ಕುಂದಿದರೆ ರಕ್ತದಲ್ಲಿ ಏರುತ್ತದೆ. ಓಡುವಾಗ ರಕ್ತ ಕಾಲಿಗೆ, ಚರ್ಮಕ್ಕೆ ಹೋಗುತ್ತದೆ. ಕಿಡ್ನಿಗೆ ಸಿಗುವುದು ಕಡಿಮೆ. ಬೆವರು ಹೋಗಿ ಮೈಯಲ್ಲಿ ನೀರೂ ಕಡಿಮೆಯಾಗಿರುತ್ತದೆ. 2015ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಮ್ಯಾರಥಾನ್ ಓಡಿದ 22 ಜನರ ರಕ್ತ, ಮೂತ್ರ ಎರಡನ್ನೂ ಯೇಲ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿತು. ಕ್ರಿಯಾಟಿನಿನ್ ಲೆಕ್ಕದಲ್ಲಿ ನೂರಕ್ಕೆ 82 ಜನರಿಗೆ ಕಿಡ್ನಿಗೆ ಪೆಟ್ಟಾದ ಮಟ್ಟ ಬಂತು. ಎರಡು ದಿನದಲ್ಲಿ ಚೇತರಿಸಿಕೊಂಡರು. ಆರೋಗ್ಯವಾಗಿರುವ ಕಿಡ್ನಿ ತಾನೇ ಸುಧಾರಿಸಿಕೊಳ್ಳುತ್ತದೆ ಅನ್ನುವುದು ಇದರ ಒಂದು ಮುಖ. ಇನ್ನೊಂದು ಮುಖ ಏನೆಂದರೆ, ಅದೇ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಕೊಡಬಾರದು. ಓಟದ ಮೊದಲೋ ನಡುವೆಯೋ ‘ಮಂಡಿ ನೋವಿಗೆ ಇರಲಿ’ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ಆ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ದಯವಿಟ್ಟು ಬೇಡ.

ಹೃದಯಾಘಾತ ಪತ್ತೆಗೆ ಬಳಸುವ ಟ್ರೊಪೊನಿನ್ ಕೂಡ ಓಟದ ನಂತರ ಏರುತ್ತದೆ. ಈಗಿನ ಸೂಕ್ಷ್ಮ ಪರೀಕ್ಷೆಗಳಲ್ಲಿ ಮ್ಯಾರಥಾನ್ ಮುಗಿಸಿದ ಹೆಚ್ಚಿನವರದ್ದು ಮಿತಿ ದಾಟಿರುತ್ತದೆ. ಕೆಲವೇ ಗಂಟೆಗಳಲ್ಲಿ ತುದಿ ಮುಟ್ಟಿ, ಒಂದರಿಂದ ಮೂರು ದಿನದಲ್ಲಿ ಇಳಿದುಹೋಗುತ್ತದೆ. ಹೃದಯಾಘಾತದಲ್ಲಾದರೆ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮೇಲಿರುತ್ತದೆ. ಆದರೆ ಇದನ್ನು ಕೇಳಿಕೊಂಡು ಹೋಗಿ ಎದೆನೋವು ಬಂದಾಗ ‘ಡಾಕ್ಟರು ಹೇಳಿದ್ರು, ಓಡಿದವರಿಗೆ ಹಾಗೇ ಆಗುತ್ತೆ’ ಅಂತ ಮನೆಯಲ್ಲಿ ಮಲಗಬೇಡಿ. ಏನೂ ತೊಂದರೆ ಇಲ್ಲದವನು ಸುಮ್ನೆ ಪರೀಕ್ಷೆ ಮಾಡಿಸಿದಾಗ ಏರಿದ ಟ್ರೊಪೊನಿನ್ ಬೇರೆ. ಎದೆ ಹಿಡಿದುಕೊಂಡು ಬೆವರುತ್ತಿರುವವನ ಟ್ರೊಪೊನಿನ್ ಬೇರೆ. ಎರಡನೆಯವನು ಓಟಗಾರನೋ ಅಲ್ಲವೋ ಎಂಬುದು ಆಮೇಲಿನ ಮಾತು. ಮೊದಲು ಇಸಿಜಿ.

ಈಗ ನಿಮ್ಮಲ್ಲಿ ಹೆಚ್ಚಿನವರು ಕೇಳಲು ಬಂದಿರುವ ವಿಷಯ: ಹಿಮೋಗ್ಲೋಬಿನ್ ಮತ್ತು ಕಬ್ಬಿಣ.

ನಿಯಮಿತವಾಗಿ ದೂರ ಓಡುವವರ ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚುತ್ತದೆ. ಅದರಲ್ಲೂ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಶೇಕಡಾ 10ರಿಂದ 20ರಷ್ಟು ಜಾಸ್ತಿಯಾಗುತ್ತದೆ. ಸಾರಿಗೆ ಇನ್ನೊಂದು ಲೋಟ ನೀರು ಬೆರೆಸಿದರೆ ಬೇಳೆ ಎಲ್ಲೂ ಹೋಗಿರುವುದಿಲ್ಲ, ಸಾರು ತೆಳುವಾಗಿರುತ್ತದೆ ಅಷ್ಟೇ. ಲ್ಯಾಬಿನವರು ಅಳೆಯುವುದು ಒಂದು ಸೌಟಿನಲ್ಲಿ ಎಷ್ಟು ಬೇಳೆ ಬಂತು ಅಂತ. ಪಾತ್ರೆಯಲ್ಲಿ ಒಟ್ಟು ಎಷ್ಟಿದೆ ಅಂತ ಅಲ್ಲ. ಹಾಗಾಗಿ ಚೆನ್ನಾಗಿ ಪಳಗಿದ ಓಟಗಾರನ ಹಿಮೋಗ್ಲೋಬಿನ್ 13ರ ಹತ್ತಿರ ಬಂದರೂ ಅವನ ಒಟ್ಟು ಹಿಮೋಗ್ಲೋಬಿನ್ ಪಕ್ಕದ ಮನೆಯವರಿಗಿಂತ ಹೆಚ್ಚೇ ಇರಬಹುದು. ಈ ನೀರು ದೊಡ್ಡ ಓಟ ಮುಗಿದು ಎರಡು ದಿನದ ಹೊತ್ತಿಗೆ ಇನ್ನೂ ಏರುತ್ತದೆ. ನಮ್ಮ ಬೋರ್ಡಿನ ಮನುಷ್ಯ ಸರಿಯಾಗಿ ಅದೇ ದಿನ ರಕ್ತ ಕೊಟ್ಟಿದ್ದಾನೆ. ಗಂಡಸರಿಗೆ 13, ಹೆಂಗಸರಿಗೆ 12 ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಇದೆಯಲ್ಲ, ಅದರ ಮೇಲೆ ಕೂದಲೆಳೆಯಲ್ಲಿ ಉಳಿದಿದ್ದಾನೆ.

ಲಡಾಖ್ ಮ್ಯಾರಥಾನ್‌ಗೆ ಹೋಗುವವರಿಗೆ ಇದರ ವಿರುದ್ಧ ಆಗುತ್ತದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಹೋದ ಒಂದೆರಡು ದಿನಕ್ಕೇ ಹಿಮೋಗ್ಲೋಬಿನ್ ಏರಿದ ಹಾಗೆ ಕಾಣುತ್ತದೆ. ಹೊಸ ರಕ್ತ ಅಷ್ಟು ಬೇಗ ಹುಟ್ಟುವುದಿಲ್ಲ. ಪ್ಲಾಸ್ಮಾ ಕಡಿಮೆಯಾಗಿರುತ್ತದೆ.

ಹಾಗಂತ ಓಟಗಾರರ ಎಲ್ಲ ರಕ್ತಹೀನತೆಯೂ ಈ ನೀರಿನ ಲೆಕ್ಕವೇ ಅಂದುಕೊಂಡರೆ ಮೋಸಹೋಗುತ್ತೀರಿ. ಓಟಗಾರರು ನಿಜವಾಗಿಯೂ ಕಬ್ಬಿಣ ಕಳೆದುಕೊಳ್ಳುತ್ತಾರೆ. ದಾರಿಗಳು ಹಲವು. ಪಾದ ನೆಲಕ್ಕೆ ಬಡಿದಾಗ ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ಕೆಂಪು ಕಣಗಳು ಒಡೆಯುತ್ತವೆ. ಜರ್ಮನಿಯ ಫ್ಲೈಷರ್ ಎಂಬ ವೈದ್ಯ 1881ರಲ್ಲಿ, ದೂರ ಕವಾಯತು ನಡೆದ ಮೇಲೆ ಕೆಂಪಗೆ ಮೂತ್ರ ಹೋಗುತ್ತಿದ್ದ ಒಬ್ಬ ಸೈನಿಕನ ಬಗ್ಗೆ ಬರೆದರು. ಕಾರಣ ಇದೇ. ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ. ಓಡುವಾಗ ಕರುಳಿಗೆ ರಕ್ತ ಕಡಿಮೆಯಾಗಿ ಒಳಗೆ ಜಿನುಗುವುದೂ ಇದೆ. ಹೆಂಗಸರಿಗೆ ಮುಟ್ಟಿನ ನಷ್ಟ ಇದರ ಮೇಲೆ ಸೇರುತ್ತದೆ.

ಇದಕ್ಕಿಂತ ನಾಜೂಕಾದದ್ದು ಇನ್ನೊಂದಿದೆ. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಅದು ಏರಿದರೆ ಕರುಳು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಜೋರಾಗಿ ಓಡಿದ ಮೂರರಿಂದ ಆರು ಗಂಟೆ ಹೊತ್ತಿಗೆ ಹೆಪ್ಸಿಡಿನ್ ಮೇಲಿರುತ್ತದೆ. ಈಗ ನಮ್ಮ ದಿನಚರಿ ನೋಡಿ. ಬೆಳಗ್ಗೆ ಐದಕ್ಕೆ ಕಬ್ಬನ್ ಪಾರ್ಕಿನಲ್ಲಿ ಓಟ. ಏಳೂವರೆಗೆ ಹೋಟೆಲಿನಲ್ಲಿ ಇಡ್ಲಿ ವಡೆ, ಮೇಲೊಂದು ಸ್ಟ್ರಾಂಗ್ ಫಿಲ್ಟರ್ ಕಾಫಿ. ಕಾಫಿ, ಟೀ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಬ್ಬಿಣದ ಮಾತ್ರೆ ನುಂಗುವುದು ಮಧ್ಯಾಹ್ನ, ಊಟದ ಜೊತೆ, ಸರಿಯಾಗಿ ಹೆಪ್ಸಿಡಿನ್ ಏರಿರುವ ಹೊತ್ತಿಗೆ. ಮಾತ್ರೆ ಹೋಗುತ್ತದೆ, ಮಲಬದ್ಧತೆ ಬರುತ್ತದೆ, ಫೆರಿಟಿನ್ ಮಾತ್ರ ಇದ್ದಲ್ಲೇ ಇರುತ್ತದೆ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರೆ ಬೆಳಗ್ಗೆ ಓಟಕ್ಕೆ ಮೊದಲು ಅಥವಾ ಓಟ ಮುಗಿದ ಅರ್ಧ ಗಂಟೆಯೊಳಗೆ, ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕಾಫಿ ಒಂದು ಗಂಟೆ ಆಮೇಲೆ. ಬೆಂಗಳೂರಿನಲ್ಲಿ ಈ ಮಾತು ಹೇಳಿ ಯಾರ ಪ್ರೀತಿಯನ್ನೂ ಗಳಿಸಲಾಗದು, ಗೊತ್ತಿದೆ.

ಈಗ ಬೋರ್ಡಿನ ಫೆರಿಟಿನ್‌ಗೆ ಬನ್ನಿ. 48. ‘ನಾರ್ಮಲ್’ ಅಂತ ಇದೆ. ನನಗೆ ಈ ಹಾಳೆಯಲ್ಲಿ ಅನುಮಾನ ಇರುವುದು ಇದೊಂದರ ಮೇಲೆಯೇ. ಫೆರಿಟಿನ್ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಆದರೆ ಸಿಆರ್‌ಪಿ ಏರುವ ಕಾರಣಗಳಿಗೇ ಇದೂ ಏರುತ್ತದೆ. ಸಿಆರ್‌ಪಿ 14 ಇರುವ ದಿನ ಫೆರಿಟಿನ್ 48 ಅಂದರೆ, ಎರಡು ವಾರ ಬಿಟ್ಟು ನೋಡಿದರೆ ಅದು 25 ಆಗಿದ್ದರೂ ನನಗೆ ಆಶ್ಚರ್ಯವಿಲ್ಲ. ಓಟಗಾರರಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಅನೇಕ ಕ್ರೀಡಾ ವೈದ್ಯರು ಗಮನ ಕೊಡುತ್ತಾರೆ. ಅಂದರೆ ಈ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಹೆದರಿಸುತ್ತಿರುವ ಎಸ್‌ಜಿಒಟಿ ನಿರಪಾಯ. ಸಣ್ಣ ಅಕ್ಷರದಲ್ಲಿ ಸುಮ್ಮನೆ ಕೂತಿರುವ ಫೆರಿಟಿನ್ ಮತ್ತೊಮ್ಮೆ ನೋಡಬೇಕಾದದ್ದು.

ಮಧುಮೇಹ ಇರುವವರಿಗೂ ಒಂದು ಮಾತು. ಎಚ್‌ಬಿಎ1ಸಿ ಅಳೆಯುವುದು ಕೆಂಪು ಕಣಕ್ಕೆ ಅಂಟಿದ ಸಕ್ಕರೆಯನ್ನು. ಕಣ ಸುಮಾರು 120 ದಿನ ಬದುಕುತ್ತದೆ ಎಂಬ ಲೆಕ್ಕದ ಮೇಲೆ. ಕಣಗಳು ಬೇಗ ಒಡೆಯುತ್ತಿದ್ದರೆ ಸಂಖ್ಯೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಬ್ಬಿಣದ ಕೊರತೆ ಇದ್ದರೆ ಜಾಸ್ತಿ ತೋರಿಸುತ್ತದೆ. ಬೆರಳು ಚುಚ್ಚಿ ನೋಡುವ ಸಕ್ಕರೆಗೂ ಇದಕ್ಕೂ ತಾಳೆ ಆಗದಿದ್ದರೆ ಡಾಕ್ಟರಿಗೆ ಹೇಳಿ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಓಟದ ನಂತರ ಸುಮ್ಮನೆ ಕಾಯ್ದರೆ ಸರಿಹೋಗುವಂಥದ್ದು. ಸೋಡಿಯಂ ಹಾಗಲ್ಲ. ಅದು ಕಾಯುವ ವಿಷಯವೇ ಅಲ್ಲ.

2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಮುಕ್ತಾಯದ ಗೆರೆ ದಾಟಿದ 488 ಓಟಗಾರರ ರಕ್ತ ಪರೀಕ್ಷಿಸಿದರು. ನೂರಕ್ಕೆ 13 ಜನರಲ್ಲಿ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ. ಮೂವರಲ್ಲಿ 120 ಅಥವಾ ಅದಕ್ಕೂ ಕೆಳಗೆ, ಅಂದರೆ ಜೀವಕ್ಕೇ ಅಪಾಯ. ಬಿಸಿಲಿಗೆ ಬೆವರಿ ಉಪ್ಪು ಹೋಯಿತು ಎಂದು ನಾವೆಲ್ಲ ಊಹಿಸುತ್ತೇವೆ. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಹೊಂದಿಕೆಯಾಗಿದ್ದು ಓಟದಲ್ಲಿ ತೂಕ ಹೆಚ್ಚಾದದ್ದರ ಜೊತೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಧಾನವಾಗಿ ಓಡುತ್ತಾ, ಪ್ರತಿ ಸ್ಟಾಲಿನಲ್ಲೂ ನಿಂತು ನೀರು ಕುಡಿದವರು. ದೀರ್ಘ ಓಟದ ಒತ್ತಡದಲ್ಲಿ ಮೂತ್ರ ತಡೆಯುವ ಹಾರ್ಮೋನ್ ಕೆಲಸ ಮಾಡುತ್ತಿರುತ್ತದೆ. ಕುಡಿದ ನೀರು ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಸೋಡಿಯಂ ಇಳಿಯುತ್ತದೆ. ಮಿದುಳು ಊದಿಕೊಳ್ಳುತ್ತದೆ.

ತಲೆನೋವು, ವಾಂತಿ, ಮಾತು ತಡವರಿಸುವುದು, ಬೆರಳಿನ ಉಂಗುರ ಬಿಗಿಯಾಗುವುದು. ಇವು ಕಂಡರೆ ‘ಪಾಪ, ಸುಸ್ತಾಗಿದೆ, ನೀರು ಕೊಡಿ’ ಅನ್ನಬೇಡಿ. ಮೆಡಿಕಲ್ ಟೆಂಟಿಗೆ ಕರೆದುಕೊಂಡು ಹೋಗಿ. ಅಲ್ಲಿಯೂ ಸೋಡಿಯಂ ನೋಡದೆ ಮಾಮೂಲು ಡ್ರಿಪ್ ಹಾಕಿದರೆ ಕೆಡುವುದೇ ಜಾಸ್ತಿ. ಇಂಥವರಿಗೆ ಬೇಕಿರುವುದು ಗಾಢವಾದ ಉಪ್ಪಿನ ದ್ರಾವಣ, ಅದೂ ಡಾಕ್ಟರ ಕೈಯಿಂದ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಅದನ್ನು ಉಪ್ಪಿನ ಬದಲಿಗೆ ಅಂತ ನಂಬಬೇಡಿ. ಬಾಯಾರಿದಾಗ ಕುಡಿಯಿರಿ. ಬಾಯಾರಿಕೆ ಇಲ್ಲದಿದ್ದರೆ ಸ್ಟಾಲು ಬಂತು ಅಂತ ಕುಡಿಯಬೇಡಿ.

ಇನ್ನು ಪ್ರಶ್ನೆಗಳು.

‘ಸರ್, ಹೆಲ್ತ್ ಚೆಕಪ್‌ಗೆ ಎಷ್ಟು ದಿನ ಬಿಟ್ಟು ಹೋಗಬೇಕು?’

ಮ್ಯಾರಥಾನ್ ಅಥವಾ ಅದಕ್ಕಿಂತ ದೊಡ್ಡದಾದರೆ ಎರಡು ವಾರ. 10ಕೆ ಅಥವಾ ಮಾಮೂಲು ವಾರಾಂತ್ಯದ ದೂರ ಓಟವಾದರೆ ಐದಾರು ದಿನ. ಹಿಂದಿನ ಒಂದು ವಾರ ಜಿಮ್ ಕೂಡ ಬೇಡ. ಪ್ರತಿ ವರ್ಷ ಒಂದೇ ಲ್ಯಾಬು, ಟ್ರೇನಿಂಗಿನ ಒಂದೇ ಹಂತ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಲ್ಯಾಬಿನ ‘ನಾರ್ಮಲ್’ ಅಂದರೆ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಬರುವ ವ್ಯಾಪ್ತಿ. ಉಳಿದ ಐದು ಜನರೂ ಆರೋಗ್ಯವಂತರೇ. ನಿಮ್ಮ ಹಳೆಯ ರಿಪೋರ್ಟೇ ನಿಮಗೆ ಸರಿಯಾದ ಹೋಲಿಕೆ.

‘ನಾನು ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ತಗೋತೀನಿ. ಸಿಪಿಕೆ 600 ಬಂತು. ಮಾತ್ರೆ ನಿಲ್ಲಿಸಲಾ?’

ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಯಿಂದಲೂ ಏರಬಹುದು, ಓಟದಿಂದಲೂ ಏರಬಹುದು. ಒಂದು ವಾರ ಓಟ ಬಿಟ್ಟು, ಮಾತ್ರೆ ಮುಂದುವರಿಸಿ, ಮತ್ತೆ ನೋಡಿ. ಇಳಿದರೆ ಓಟ. ಇಳಿಯದಿದ್ದರೆ ಡಾಕ್ಟರ ಜೊತೆ ಮಾತಾಡಿ. ಮೈಕೈ ತೀರಾ ನೋಯುತ್ತಿದ್ದರೆ ಮಾತ್ರ ಒಂದು ವಾರವೂ ಕಾಯಬೇಡಿ.

‘ಓಟದ ನಂತರ ಮೂತ್ರದಲ್ಲಿ ರಕ್ತ ಅಂತ ರಿಪೋರ್ಟ್ ಬಂದಿದೆ.’

ರಕ್ತ, ಪ್ರೋಟೀನ್ ಎರಡೂ ಎರಡು ಮೂರು ದಿನ ಕಾಣಿಸಬಹುದು. ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ. ಆಗಲೂ ಇದ್ದರೆ ಓಟದ ಮೇಲೆ ಹಾಕಬೇಡಿ, ಕಾರಣ ಹುಡುಕಿಸಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ತೊಡೆ ಊದಿಕೊಂಡು, ಮೂತ್ರವೇ ಕಡಿಮೆಯಾದರೆ ಅದು ಬೇರೆ ಕಥೆ. ಸ್ನಾಯು ಕರಗಿ ಕಿಡ್ನಿಗೆ ಕುತ್ತು ತರುತ್ತಿದೆ ಅಂತ ಅರ್ಥ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

‘ನಮ್ಮ ಬಳಗದಿಂದ ರಕ್ತದಾನ ಶಿಬಿರ ಮಾಡಬೇಕು ಅಂತಿದ್ದೀವಿ. ಓಟಕ್ಕೆ ತೊಂದರೆಯಾ?’

ಮಾಡಿ, ಖಂಡಿತ ಮಾಡಿ. ಕೊಟ್ಟ ರಕ್ತದ ನೀರಿನ ಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಹಿಮೋಗ್ಲೋಬಿನ್ ಮೊದಲಿನ ಮಟ್ಟಕ್ಕೆ ಬರಲು ಒಂದೆರಡು ತಿಂಗಳು ಬೇಕು. ಕಬ್ಬಿಣಕ್ಕೆ ಇನ್ನೂ ಹೆಚ್ಚು, ಒಂದು ಸಲಕ್ಕೆ 200 ಮಿಲಿಗ್ರಾಂ ಆಸುಪಾಸು ಹೋಗುತ್ತದೆ. ಹಾಗಾಗಿ ಶಿಬಿರವನ್ನು ಓಟದ ಸೀಸನ್ ಮುಗಿದ ಮೇಲೆ ಇಟ್ಟುಕೊಳ್ಳಿ. ಓಡಿದ ವಾರವೇ ಬೇಡ, ಎರಡು ವಾರ ಬಿಡಿ. ಬರುವವರು ಮೊದಲೇ ಫೆರಿಟಿನ್ ನೋಡಿಸಿಕೊಂಡಿದ್ದರೆ ಒಳ್ಳೆಯದು. 30ರ ಕೆಳಗಿರುವವರನ್ನು ನೋಂದಣಿ ಮೇಜಿನ ಹತ್ತಿರ ಕೂರಿಸಿ, ಹೆಸರು ಬರೆದುಕೊಳ್ಳುವ ಕೆಲಸ ಕೊಡಿ.